ಅಕ್ಟೋಬರ್ 10: ಕಾರಂತರೂ ಆರ್.ಕೆ. ನಾರಾಯಣ್ ಅವರೂ ಹುಟ್ಟಿದ ದಿನ. ಒಂದೇ ಬೋರ್ಡಿನಲ್ಲಿ ಇಬ್ಬರನ್ನೂ ಹೇಗೆ ಕೂರಿಸಲಿ?

ಜಗಲಿ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಒಂದರಿಂದ ಏಳನೇ ತರಗತಿವರೆಗೆ ಸೇರಿ 61 ಮಕ್ಕಳು. ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುವ ಜಗಲಿಯ ಗೋಡೆಗೆ ಒಂದು ಹಸಿರು ಬೋರ್ಡ್ ಇದೆ. ಅದರ ಮೇಲೆ ಆ ದಿನ ಹುಟ್ಟಿದ ದೊಡ್ಡವರೊಬ್ಬರ ಹೆಸರು, ಅವರ ಬಗ್ಗೆ ನಾಲ್ಕು ಸಾಲು, ಸಿಕ್ಕರೆ ಒಂದು ಚಿತ್ರ. ಅದೇ ದಿನ ಹುಟ್ಟಿದ ಮಗು ನಮ್ಮಲ್ಲಿದ್ದರೆ ಅದರ ಹೆಸರೂ ಕೆಳಗೆ ಬರುತ್ತದೆ, ಆ ನಾಲ್ಕು ಸಾಲನ್ನು ಆ ಮಗುವೇ ಓದಬೇಕು. ಮೂರು ವರ್ಷದಿಂದ ನಡೆಸಿಕೊಂಡು ಬಂದಿದ್ದೇನೆ.

ಅಕ್ಟೋಬರ್ 2 ಬಂದಾಗಲೆಲ್ಲ ನನಗೊಂದು ಸಂಕಟ. ಮೇಜಿನ ಮೇಲೆ ಎರಡು ಫೋಟೋ ಇಡುತ್ತೇವೆ. ಭಾಷಣವೆಲ್ಲ ಗಾಂಧೀಜಿಯ ಮೇಲೆ. ಕೊನೆಗೆ ಒಂದು ವಾಕ್ಯ: ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಇದೇ ದಿನ ಹುಟ್ಟಿದ್ದು. ಹೋದ ವರ್ಷ ನಾಲ್ಕನೇ ತರಗತಿಯ ಹುಡುಗಿ ಕೇಳಿದಳು, "ಟೀಚರ್, ಆ ಇನ್ನೊಬ್ರು ಯಾಕೆ ಬಂದಿದಾರೆ?" ಎಳೆಗೂಸಾಗಿದ್ದಾಗಲೇ ತಂದೆಯನ್ನು ಕಳಕೊಂಡವರು, 1965ರ ಯುದ್ಧದ ಹೊತ್ತಿನಲ್ಲಿ ದೇಶ ನಡೆಸಿದವರು, ಜವಾನನ ಜೊತೆಗೆ ಕಿಸಾನನಿಗೂ ಜೈ ಅಂದವರು, 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ತೀರಿಹೋದವರು. ಅಂಥವರು ಹುಟ್ಟಿದ ತಾರೀಕಿನ ದೆಸೆಯಿಂದ ನಮ್ಮ ಶಾಲೆಯಲ್ಲಿ ಬಾಲಂಗೋಚಿ ಆಗಿಬಿಟ್ಟಿದ್ದಾರೆ. ಆ ಮಗುವಿಗೆ ಅವತ್ತು ಸರಿಯಾದ ಉತ್ತರ ಕೊಡಲಿಲ್ಲ ಅಂತ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಈಗ ಅಕ್ಟೋಬರ್ 10. ಎಷ್ಟೋ ವರ್ಷ ದಸರಾ ರಜೆಯೊಳಗೇ ಕಳೆದುಹೋಗುವ ದಿನ. ಈ ಸಲ ರಜೆ ಮುಗಿದಿರುತ್ತದೆ. ಕಾರಂತರ ಜನ್ಮದಿನ ಅಂತ ಬರೆದುಕೊಂಡಿದ್ದೆ. ಮೊನ್ನೆ ಅರಸಾಳು ಸ್ಟೇಷನ್ನಿನ ಮಾಲ್ಗುಡಿ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದ ಮೇಲೆ ನಾರಾಯಣ್ ಅವರ ಬಗ್ಗೆ ಓದುತ್ತಾ ಕೂತಾಗ ಗೊತ್ತಾಯಿತು, ಅವರದ್ದೂ ಅದೇ ದಿನ. 1902 ಒಬ್ಬರು, 1906 ಇನ್ನೊಬ್ಬರು.

ಇಬ್ಬರಲ್ಲಿ ಯಾರೂ ಬಾಲಂಗೋಚಿ ಆಗಬಾರದು. ಇಬ್ಬರನ್ನೂ ಜೊತೆಗೆ ಹೇಳಬೇಕಾದರೆ ಏನು ಹೇಳಲಿ? ಬರಿಯ ತಾರೀಕು ಬಿಟ್ಟರೆ ಇವರ ನಡುವೆ ಏನಾದರೂ ಇದೆಯೇ? ಇನ್ನೂ ಒಂದು ಮಾತು. ಹಳೆಯ ಕಾಲದವರ ಜನ್ಮದಿನಾಂಕವನ್ನು ಎಷ್ಟು ನಂಬಬಹುದು? ನಮ್ಮಪ್ಪನ ದಾಖಲೆಯಲ್ಲಿ ಜೂನ್ 1 ಇದೆ. ಶಾಲೆಗೆ ಸೇರಿಸುವಾಗ ಹೆಡ್ ಮಾಸ್ತರರು ವಯಸ್ಸು ಸರಿಹೊಂದುವ ಹಾಗೆ ಬರೆದುಕೊಂಡದ್ದು. ಅಜ್ಜಿ ಹೇಳುತ್ತಿದ್ದದ್ದೇ ಬೇರೆ: "ಗೌರಿ ಹಬ್ಬದ ಹಿಂದಿನ ದಿನ, ಹೊಳೆ ಉಕ್ಕಿ ದೋಣಿ ನಿಂತಿತ್ತು."

ಕೋಟದ ಮೊಮ್ಮಗ:

ಮೇಡಂ, ಈ ಪ್ರಶ್ನೆಯನ್ನು ನನಗೆಂದೇ ಕೇಳಿದ ಹಾಗಾಯಿತು. ಕೋಟ ನನ್ನ ಅಜ್ಜಿಮನೆ. ಕೆಲಸ ಮಾಡಿದ್ದು ಅಂಚೆ ಇಲಾಖೆಯಲ್ಲಿ, ಮೂವತ್ತೊಂದು ವರ್ಷ, ಬಹುಪಾಲು ಮೈಸೂರಿನಲ್ಲಿ. ಒಬ್ಬರ ಹುಟ್ಟೂರು ನನ್ನ ಬಾಲ್ಯದ ರಜೆಯ ಊರು, ಇನ್ನೊಬ್ಬರ ಊರು ನನ್ನ ಅನ್ನದ ಊರು. ನಿವೃತ್ತಿಯಾದ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು, ನಡುವೆ ಗೆರೆ ಎಳೆದು, ಎಡಗಡೆ ಕಾರಂತರು, ಬಲಗಡೆ ನಾರಾಯಣ್ ಅಂತ ವರ್ಷವಾರು ಬರೆಯುತ್ತಾ ಬಂದೆ. ಸರಿಯಾಗಿ ನಾಲ್ಕು ವರ್ಷದ ಅಂತರ ಆದ್ದರಿಂದ ಲೆಕ್ಕ ಸುಲಭ.

ಮಕ್ಕಳಿಗೆ ಮೊದಲು ಪರೀಕ್ಷೆಯ ವಿಷಯ ಹೇಳಿ. ಕಾರಂತರು ಗಾಂಧೀಜಿಯ ಅಸಹಕಾರ ಚಳವಳಿಗೆ ಓಗೊಟ್ಟು ಕಾಲೇಜನ್ನೇ ಬಿಟ್ಟರು. ನಾರಾಯಣ್ ಕಾಲೇಜು ಸೇರುವ ಪರೀಕ್ಷೆಯಲ್ಲಿ ಫೇಲಾದರು. ಅವರ ತಂದೆ ಮೈಸೂರಿನಲ್ಲಿ ಹೈಸ್ಕೂಲು ಹೆಡ್ ಮಾಸ್ತರರು! ಒಂದು ವರ್ಷ ಮನೆಯಲ್ಲೇ ಇದ್ದು ಸಿಕ್ಕಿದ್ದನ್ನೆಲ್ಲ ಓದಿದರು, ಆಮೇಲೆ ಮಹಾರಾಜಾ ಕಾಲೇಜಿನಲ್ಲಿ 1930ಕ್ಕೆ ಬಿ.ಎ. ಮುಗಿಸಿದರು. ಮೇಷ್ಟ್ರ ಕೆಲಸಕ್ಕೆ ಹೋಗಿ ಕೆಲವೇ ದಿನಗಳಲ್ಲಿ ಬಿಟ್ಟು ಬಂದರು. ಅದೇ 1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಹೊಸ ನೋಟ್‌ಬುಕ್ ತೆರೆದು ಕೂತಾಗ ಅವರಿಗೆ ಮೊದಲು ಹೊಳೆದದ್ದು ಒಂದು ರೈಲ್ವೆ ಸ್ಟೇಷನ್. ಹೆಸರು ಮಾಲ್ಗುಡಿ. ನಿಮ್ಮ ಮಕ್ಕಳು ನೋಡಿ ಬಂದ ಅರಸಾಳು ಆ ಊರು ಅಲ್ಲ. ಶಂಕರ್‌ನಾಗ್ ಧಾರಾವಾಹಿ ತೆಗೆಯುವಾಗ ಅದನ್ನು ಮಾಲ್ಗುಡಿ ಸ್ಟೇಷನ್ ಮಾಡಿದರು, ಆಗುಂಬೆಯ ಬೀದಿಯನ್ನು ಮಾಲ್ಗುಡಿಯ ಬೀದಿ ಮಾಡಿದರು. ಇಲ್ಲದ ಊರೊಂದು ನಿಮ್ಮ ತಾಲ್ಲೂಕಿಗೆ ಬಂದು ಇಳಿದ ಕಥೆಯನ್ನು ನಿಮ್ಮ ಮಕ್ಕಳಿಗಿಂತ ಚೆನ್ನಾಗಿ ಯಾರು ಕೇಳಿಯಾರು?

ಅಂಚೆಯವನಾದ ನನಗೆ ಬಹಳ ಇಷ್ಟದ ಭಾಗ ಇನ್ನೊಂದಿದೆ. ಸ್ವಾಮಿ ಎಂಬ ಹುಡುಗನ ಕಥೆಯ ಹಸ್ತಪ್ರತಿ ಇಂಗ್ಲೆಂಡಿನ ಪ್ರಕಾಶಕರಿಂದ ಮತ್ತೆ ಮತ್ತೆ ವಾಪಸು ಬಂದಿತು. ಬೇಸತ್ತ ನಾರಾಯಣ್, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ಬರೆದರು: ಇದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು. ಗೆಳೆಯ ಹಾಕಲಿಲ್ಲ. ಗ್ರಹಾಂ ಗ್ರೀನ್ ಅವರಿಗೆ ತೋರಿಸಿದ. ಅವರಿಗೆ ಮೆಚ್ಚುಗೆಯಾಗಿ 1935ರಲ್ಲಿ ಪುಸ್ತಕ ಹೊರಬಂತು. ಸೀಲು ಹೊಡೆದು ಚೀಲಕ್ಕೆ ಹಾಕುವ ಪ್ರತಿ ಕಟ್ಟಿನ ಒಳಗೆ ಏನಿರಬಹುದು ಅಂತ ನಾನು ಕೆಲಸದ ಉದ್ದಕ್ಕೂ ಯೋಚಿಸಿದ್ದುಂಟು. ಅದಕ್ಕೆ ಕಾರಣ ಈ ಕಥೆ.

ಎಡಗಡೆಯ ಕಾಲಂ ನೋಡಿ. ಅದಕ್ಕೆ ಎರಡು ವರ್ಷ ಮೊದಲು, 1933ರಲ್ಲಿ ಕಾರಂತರ ಚೋಮ ಬಂದಿದ್ದಾನೆ. ತುಂಡು ಹೊಲವನ್ನು ಸ್ವಂತವಾಗಿ ಉಳಬೇಕು ಅನ್ನುವ ಒಂದೇ ಆಸೆಯ ಮನುಷ್ಯ. ಸ್ವಾಮಿಯ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ, ಅವನ ಕಷ್ಟವೆಲ್ಲ ಲೆಕ್ಕದ ಮೇಷ್ಟ್ರು ಮತ್ತು ಕ್ರಿಕೆಟ್. ಚೋಮನ ಮಕ್ಕಳು ಶಾಲೆಯ ಮೆಟ್ಟಿಲನ್ನೇ ಕಾಣದವರು. ಎರಡೇ ವರ್ಷದ ಅಂತರದಲ್ಲಿ, ಒಂದೇ ದಿನ ಹುಟ್ಟಿದ ಇಬ್ಬರು ಹೀಗೆ ಬರೆದಿದ್ದಾರೆ. ನಾನು ಎರಡನ್ನೂ ಬೇರೆ ಬೇರೆ ಓದಿದ್ದೆ. ಪಕ್ಕಪಕ್ಕ ಬರೆದುಕೊಂಡ ದಿನ ರಾತ್ರಿ ನಿದ್ದೆ ಬರಲಿಲ್ಲ.

ಮುಂದೆ ಓದುತ್ತಾ ಹೋದರೆ ಹೊಂದಿಕೆಗಳು ಸಿಗುತ್ತವೆ. ಕಾರಂತರಿಗೆ ಯಕ್ಷಗಾನದ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಮರುವರ್ಷವೇ ನಾರಾಯಣ್ ಅವರಿಗೆ. ಇಬ್ಬರಿಗೂ ಪದ್ಮಭೂಷಣ. ಕಾರಂತರು ಅದನ್ನು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ವಾಪಸು ಕೊಟ್ಟರು. ಇವನ್ನು ಮಕ್ಕಳಿಗೆ ಹೇಳದಿದ್ದರೂ ನಡೆಯುತ್ತದೆ.

ಬೋರ್ಡಿನ ನಡುವೆ ದೊಡ್ಡದಾಗಿ ಬರೆಯಬೇಕಾದ್ದು 1989. ಆ ವರ್ಷ ನಾರಾಯಣ್ ರಾಜ್ಯಸಭೆಯ ನಾಮಕರಣ ಸದಸ್ಯರು. ವಯಸ್ಸು 82. ಮಾತಾಡಲು ಎದ್ದು ನಿಂತು ಅವರು ಎತ್ತಿದ ವಿಷಯ ಮಕ್ಕಳ ಶಾಲಾಚೀಲ. ಪುಸ್ತಕದ ಹೊರೆಗೆ ಮಕ್ಕಳ ಬೆನ್ನು ಬಾಗಿಹೋಗುತ್ತಿದೆ ಅಂದರು. ಮುಂದೆ ಶಾಲಾಮಕ್ಕಳ ಕಲಿಕೆಯ ಹೊರೆ ತಗ್ಗಿಸುವ ದಾರಿ ಹುಡುಕಲು ಯಶಪಾಲ್ ಸಮಿತಿ ರಚನೆಯಾಗಿ 1993ರಲ್ಲಿ ವರದಿ ಕೊಟ್ಟದ್ದರ ಹಿಂದೆ ಈ ಮಾತಿನ ಪ್ರೇರಣೆಯಿದೆ. ಅದೇ 1989ರ ಕೊನೆಗೆ ಲೋಕಸಭಾ ಚುನಾವಣೆ. ಕಾಳಿ ನದಿ ದಂಡೆಯ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬೇಡವೆಂದು ಹೋರಾಡುತ್ತಿದ್ದ ಕಾರಂತರು ಉತ್ತರ ಕನ್ನಡದಿಂದ ಪಕ್ಷೇತರರಾಗಿ ಸ್ಪರ್ಧೆಗೆ ನಿಂತರು. ವಯಸ್ಸು 87. ಸೋತರು.

ಒಬ್ಬರು ಸಂಸತ್ತಿನ ಒಳಗೆ ಮಗುವಿನ ಬೆನ್ನಿನ ಬಗ್ಗೆ ಮಾತಾಡಿದರು, ಇನ್ನೊಬ್ಬರು ಕಾಡು ಮತ್ತು ಹೊಳೆಯ ಬಗ್ಗೆ ಮಾತಾಡಲು ಸಂಸತ್ತಿನ ಬಾಗಿಲು ತಟ್ಟಿದರು. ಎಂಬತ್ತು ದಾಟಿದ ಮೇಲೆ! ಇಬ್ಬರನ್ನೂ ಸಮಕ್ಕೆ ಕೂರಿಸಲು ಇದಕ್ಕಿಂತ ಬೇರೆ ಜಾಗ ನನಗೆ ಕಂಡಿಲ್ಲ.

ಇನ್ನು ಅಪ್ಪನವರ ವಿಷಯ. ಗೌರಿ ಹಬ್ಬ ಅಂದರೆ ಭಾದ್ರಪದ ಶುದ್ಧ ತದಿಗೆ. ಹಿಂದಿನ ದಿನ ಅಂದರೆ ಬಿದಿಗೆ. ವರ್ಷವೊಂದು ಗೊತ್ತಿದ್ದರೆ ಹಳೆಯ ಪಂಚಾಂಗದಲ್ಲಿ ತಾರೀಕು ಸಿಕ್ಕೇ ಸಿಗುತ್ತದೆ. ಬಿಡಬೇಡಿ, ಹುಡುಕಿ.

ತುಂಗಾತೀರ:

ನನ್ನ ಮಾತು ಕಹಿ ಅನ್ನಿಸಿದರೆ ಕ್ಷಮಿಸಿ. ಕಾರಂತರು ನಲವತ್ತೇಳು ಕಾದಂಬರಿ ಕನ್ನಡದಲ್ಲಿ ಬರೆದವರು. ಮಕ್ಕಳಿಗಾಗಿ ಮೂರು ಸಂಪುಟದ ಬಾಲಪ್ರಪಂಚವನ್ನು ಒಬ್ಬರೇ ಬರೆದವರು, ಮೇಲೆ ನಾಲ್ಕು ಸಂಪುಟ ವಿಜ್ಞಾನ, ಒಂದು ಅರ್ಥಕೋಶ. ನಾರಾಯಣ್ ಬದುಕಿನ ಬಹುಭಾಗ ಮೈಸೂರಿನಲ್ಲಿ ಕಳೆದರೂ ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಒಂದು ಸರ್ಕಾರಿ ಕನ್ನಡ ಶಾಲೆಯ ಬೋರ್ಡಿನಲ್ಲಿ ಇಬ್ಬರಿಗೂ ಸಮಪಾಲು ಯಾಕೆ? ನಮ್ಮ ಮಕ್ಕಳಿಗೆ ಕಾರಂತರನ್ನು ಪೂರ್ತಿ ಹೇಳಲೇ ಒಂದು ದಿನ ಸಾಲದು.

ಕೋಟದ ಮೊಮ್ಮಗ:

ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ಕಹಿ ಏನಿಲ್ಲ. ಆದರೆ ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಅವರಿದ್ದ ಮನೆಯ ಮುಂದೆ ವರ್ಷಗಟ್ಟಲೆ ಸೈಕಲ್ ತುಳಿದವನು ನಾನು. ಕೆಡವಲು ಶುರುಮಾಡಿದ್ದರು, ಹೇಗೋ ಉಳಿಯಿತು, 2016ರಲ್ಲಿ ಮ್ಯೂಸಿಯಂ ಆಯಿತು. ಮೊದಲ ಸಲ ಒಳಗೆ ಹೋದಾಗ ನನ್ನ ಪಕ್ಕ ನಿಂತಿದ್ದವರು ಮಂಡ್ಯದ ಕಡೆಯ ಒಬ್ಬ ಹಿರಿಯರು, ಇಂಗ್ಲಿಷ್ ಬಾರದವರು. ಮಾಲ್ಗುಡಿಯ ಸ್ವಾಮಿಯನ್ನು ಟಿ.ವಿ.ಯಲ್ಲಿ ನೋಡಿದ್ದರು, ಅಷ್ಟೇ. "ನಮ್ಮೂರ ಹುಡುಗನ ತರಾನೇ ಇದ್ದ" ಅಂದರು. ನಾರಾಯಣ್ ಅವರ ಮನೆಮಾತು ತಮಿಳು, ಬರವಣಿಗೆ ಇಂಗ್ಲಿಷು, ಆದರೆ ಅವರ ಕಿವಿಗೆ ಬೀಳುತ್ತಿದ್ದದ್ದು ಮೈಸೂರಿನ ಮಾರುಕಟ್ಟೆಯ ಮಾತು. ಕಾರಂತರಿಗೆ ಒಂದು ದಿನ ಸಾಲದು ಅನ್ನುವುದು ನಿಜ. ಅವರ ಪುಸ್ತಕದ ಒಂದೊಂದು ಪುಟವನ್ನು ಇಡೀ ವಾರ ಓದಿಸಲಿ. ಹುಟ್ಟಿದ ದಿನ ಮಾತ್ರ ಇಬ್ಬರಿಗೂ ಸೇರಿದ್ದು.

ಲೆಕ್ಕದ ಮೇಷ್ಟ್ರು, ದಾವಣಗೆರೆ:

ಮೇಡಂ, ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಇಬ್ಬರು ದೊಡ್ಡವರು ಒಂದೇ ದಿನ ಹುಟ್ಟಿದರು ಅಂದರೆ ಮಕ್ಕಳಿಗೆ ಪವಾಡದ ಹಾಗೆ ಕಾಣುತ್ತದೆ. ಅದನ್ನು ಹಿಡಿದು ಒಂದು ಒಳ್ಳೆಯ ಲೆಕ್ಕ ಮಾಡಿಸಬಹುದು.

ಒಂದು ಕೋಣೆಯಲ್ಲಿ ಎಷ್ಟು ಜನ ಇದ್ದರೆ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು? ಹುಡುಗರು ಥಟ್ಟನೆ 183 ಅನ್ನುತ್ತಾರೆ, 365ರ ಅರ್ಧ ಅಂತ. ಉತ್ತರ ಬರೀ 23. ಯಾಕೆಂದರೆ ನಾವು ಹುಡುಕುತ್ತಿರುವುದು 'ನನ್ನ' ದಿನಕ್ಕೆ ಹೊಂದುವವರನ್ನಲ್ಲ, ಯಾವುದಾದರೂ ಒಂದು ಜೋಡಿಯನ್ನು. 23 ಜನರಲ್ಲಿ ಒಬ್ಬೊಬ್ಬರಿಗೂ ಉಳಿದವರನ್ನೆಲ್ಲ ಜೋಡಿ ಕಟ್ಟುತ್ತಾ ಹೋದರೆ 253 ಜೋಡಿ ಆಗುತ್ತವೆ. ಸಾಧ್ಯತೆ ನೂರಕ್ಕೆ 50.7. ನಿಮ್ಮ ಶಾಲೆಯ 61 ಮಕ್ಕಳಲ್ಲಿ 1,830 ಜೋಡಿ. ಅಲ್ಲಿ ಒಂದಾದರೂ ಹೊಂದಿಕೆ ಇರುವ ಸಾಧ್ಯತೆ ನೂರಕ್ಕೆ 99ಕ್ಕೂ ಹೆಚ್ಚು. ದಾಖಲಾತಿ ರಿಜಿಸ್ಟರ್ ತೆಗೆದು ನೋಡಿ.

ಕಡಿಮೆ ಜನ ಇದ್ದರೆ ಹೊಂದಿಕೆ ಅಪರೂಪ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಕನ್ನಡದ ಎಂಟು ಜ್ಞಾನಪೀಠ ಪುರಸ್ಕೃತರನ್ನು ತೆಗೆದುಕೊಳ್ಳಿ: ಕಂಬಾರರು ಜನವರಿ 2, ಬೇಂದ್ರೆ ಜನವರಿ 31, ಕಾರ್ನಾಡರು ಮೇ 19, ಮಾಸ್ತಿ ಜೂನ್ 6, ಗೋಕಾಕರು ಆಗಸ್ಟ್ 9, ಕಾರಂತರು ಅಕ್ಟೋಬರ್ 10, ಅನಂತಮೂರ್ತಿ ಡಿಸೆಂಬರ್ 21, ಕುವೆಂಪು ಡಿಸೆಂಬರ್ 29. ಯಾರದ್ದೂ ಯಾರಿಗೂ ಸೇರುವುದಿಲ್ಲ. ಎಂಟು ಜನರಲ್ಲಿ ಹೊಂದಿಕೆಯ ಸಾಧ್ಯತೆ ನೂರಕ್ಕೆ ಸುಮಾರು ಏಳು ಮಾತ್ರ. ಇದರಲ್ಲಿ ಮಾಸ್ತಿಯವರದ್ದು ಮಾತ್ರ ಮನಸ್ಸು ತಟ್ಟುವ ವಿಷಯ. 1891ರ ಜೂನ್ 6ರಂದು ಹುಟ್ಟಿ, 95 ವರ್ಷ ತುಂಬಿದ 1986ರ ಜೂನ್ 6ರಂದೇ ಹೊರಟುಹೋದರು.

ಒಂದು ಎಚ್ಚರಿಕೆ. ವರ್ಷದ ಎಲ್ಲ ದಿನವೂ ಮಕ್ಕಳು ಸಮನಾಗಿ ಹುಟ್ಟುತ್ತಾರೆ ಅಂದುಕೊಂಡರೆ ಮಾತ್ರ ಈ ಲೆಕ್ಕ. ನಿಮ್ಮ ಅಪ್ಪನ ಕಾಲದ ರಿಜಿಸ್ಟರ್ ಇಟ್ಟುಕೊಂಡು ಮಾಡಿದರೆ ಜೂನ್ 1 ಎಲ್ಲವನ್ನೂ ಕೆಡಿಸಿಬಿಡುತ್ತದೆ. ನನ್ನ ಇಬ್ಬರು ಮಾವಂದಿರೂ ದಾಖಲೆಯಲ್ಲಿ ಜೂನ್ 1ರವರೇ.

ಇತಿಹಾಸದ ಹುಡುಗಿ:

ನಾನು ಬಿ.ಎ. ಎರಡನೇ ವರ್ಷ. ಟೀಚರ್, ತಾರೀಕಷ್ಟೇ ಅಲ್ಲ, ವರ್ಷವೂ ಒಂದೇ ಆದ ಇಬ್ಬರಿದ್ದಾರೆ. ಅಬ್ರಹಾಂ ಲಿಂಕನ್ ಮತ್ತು ಚಾರ್ಲ್ಸ್ ಡಾರ್ವಿನ್, 1809ರ ಫೆಬ್ರವರಿ 12. ಒಬ್ಬರು ಅಮೆರಿಕದ ಕೆಂಟಕಿಯ ಮರದ ದಿಮ್ಮಿಯ ಗುಡಿಸಲಲ್ಲಿ, ಇನ್ನೊಬ್ಬರು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಅನುಕೂಲಸ್ಥ ವೈದ್ಯರ ಮನೆಯಲ್ಲಿ. ಡಾರ್ವಿನ್ ಎಂಟು ವರ್ಷದವರಿದ್ದಾಗ ತಾಯಿ ತೀರಿಹೋದರು, ಮರುವರ್ಷ ಒಂಬತ್ತು ವರ್ಷದ ಲಿಂಕನ್ನರ ತಾಯಿ. ಜೀವವಿಕಾಸದ ಬಗ್ಗೆ ಡಾರ್ವಿನ್ನರ ಪುಸ್ತಕ ಬಂದದ್ದು 1859ರ ನವೆಂಬರಿನಲ್ಲಿ, ಲಿಂಕನ್ ಅಧ್ಯಕ್ಷರಾಗಿ ಗೆದ್ದದ್ದು 1860ರ ನವೆಂಬರಿನಲ್ಲಿ. ಇಬ್ಬರೂ ಗುಲಾಮಗಿರಿಯನ್ನು ದ್ವೇಷಿಸಿದವರು. ಪರೀಕ್ಷೆಗೆ ಓದುವಾಗ ಇಬ್ಬರೂ ಬೇರೆ ಬೇರೆ ಪುಸ್ತಕದಲ್ಲಿದ್ದರು. ಒಬ್ಬರಿಗೊಬ್ಬರು ಸಮಕಾಲೀನರು ಅಂತ ನನಗೆ ಹೊಳೆದಿರಲೇ ಇಲ್ಲ.

ತಾರೀಕು ನಂಬುವ ವಿಷಯಕ್ಕೆ ನ್ಯೂಟನ್ ಸರಿಯಾದ ಉದಾಹರಣೆ. ಹುಟ್ಟಿದ್ದು 1642ರ ಕ್ರಿಸ್‌ಮಸ್ ದಿನ ಅನ್ನುತ್ತಾರೆ. ಅದು ಆಗ ಇಂಗ್ಲೆಂಡಿನಲ್ಲಿದ್ದ ಹಳೆಯ ಕ್ಯಾಲೆಂಡರ್. ಈಗಿನ ಕ್ಯಾಲೆಂಡರಿನಲ್ಲಿ ಅದು 1643ರ ಜನವರಿ 4. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ್ದು ಅಂತ ನಮ್ಮ ಹೈಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಇಬ್ಬರಿಗೂ ಒಂದೇ ಕ್ಯಾಲೆಂಡರ್ ಇಟ್ಟು ನೋಡಿದರೆ ಅದು ನಿಲ್ಲುವುದಿಲ್ಲ.

ಜಗಲಿ ಟೀಚರ್:

ತಡವಾಗಿ ಬರೆಯುತ್ತಿದ್ದೇನೆ, ನಾಲ್ಕು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಅಕ್ಟೋಬರ್ 10 ನಮ್ಮಲ್ಲಿ ಹೀಗೆ ಆಯಿತು. ಕೋಟದ ಹಿರಿಯರು ಹೇಳಿದಂತೆ ಬೋರ್ಡಿನ ನಡುವೆ ಗೆರೆ ಎಳೆದೆ. ಎಡಕ್ಕೆ ಚೋಮ, ಬಲಕ್ಕೆ ಸ್ವಾಮಿ, ನಡುವೆ 1989. ನಮ್ಮ ಕಪಾಟಿನಲ್ಲಿ ಬಾಲಪ್ರಪಂಚದ ಒಂದು ಸಂಪುಟ ಇತ್ತು, ಬೆನ್ನು ಕಿತ್ತುಹೋದದ್ದು. ಅದರಿಂದ ಒಂದು ಪುಟವನ್ನು ಏಳನೇ ತರಗತಿಯ ಹುಡುಗ ಓದಿದ. ತುಂಗಾತೀರ ಅವರೇ, ಆ ಓದು ಇಡೀ ವಾರ ನಡೆಯಿತು, ನಿಮ್ಮ ಮಾತು ನೆನಪಿಟ್ಟುಕೊಂಡೇ.

ಆಮೇಲೆ ಬಿಸಿಯೂಟದ ಕೋಣೆಯಿಂದ ಅಕ್ಕಿ ತೂಗುವ ತಕ್ಕಡಿ ತರಿಸಿದೆ. ಒಬ್ಬೊಬ್ಬರೇ ಚೀಲ ಇಟ್ಟರು. ಅಡುಗೆಯ ಅಕ್ಕ ತೂಕ ಕೂಗಿದರು, ಮಕ್ಕಳು 1989ರ ಕೆಳಗೆ ಸೀಮೆಸುಣ್ಣದಲ್ಲಿ ಬರೆದರು. 2019ರ ಸರ್ಕಾರಿ ಸುತ್ತೋಲೆಯ ಪ್ರಕಾರ ಮೂರರಿಂದ ಐದನೇ ತರಗತಿಗೆ 2ರಿಂದ 3 ಕೆ.ಜಿ. ಮಾತ್ರ. ಐದನೇ ತರಗತಿಯ ಒಬ್ಬನ ಚೀಲ 4 ಕೆ.ಜಿ. 100 ಗ್ರಾಂ ಬಂತು. ಬಿಚ್ಚಿ ನೋಡಿದರೆ ಎಲ್ಲ ವಿಷಯದ ನೋಟ್ಸು, ಅಣ್ಣನ ಹಳೇ ಗೈಡು, ಎರಡು ನೀರಿನ ಬಾಟಲಿ, ಒಂದು ಒದ್ದೆ ಕೊಡೆ. ಅವನು ನಡೆದು ಬರುವುದು ಎರಡೂವರೆ ಕಿಲೋಮೀಟರ್, ಅದರಲ್ಲಿ ಒಂದು ಏರು. ಮೂರು ವರ್ಷದಿಂದ ಆ ಹುಡುಗನನ್ನು ದಿನಾ ನೋಡುತ್ತಿದ್ದೇನೆ, ಒಂದು ದಿನವೂ ಆ ಚೀಲ ಎತ್ತಿ ನೋಡಿರಲಿಲ್ಲ. ಈಗ ಗೈಡು ಮತ್ತು ಅರ್ಧ ನೋಟ್ಸು ಶಾಲೆಯ ಕಪಾಟಿನಲ್ಲೇ ಇರುತ್ತವೆ.

ಮೇಷ್ಟ್ರೇ, ರಿಜಿಸ್ಟರ್ ನೋಡಿದೆ. ನಿಮ್ಮ ಲೆಕ್ಕ ಸರಿ. ಮೂರನೇ ತರಗತಿಯ ಒಬ್ಬಳು, ಆರನೆಯ ಒಬ್ಬಳು, ಇಬ್ಬರೂ ಫೆಬ್ರವರಿ 17. ಇಬ್ಬರಿಗೂ ಗೊತ್ತೇ ಇರಲಿಲ್ಲ. ಈಗ ಬುತ್ತಿ ಬಿಚ್ಚುವುದೂ ಒಟ್ಟಿಗೇ. ಅವರ ಸರದಿಗೆ ಐದು ದಿನ ಮೊದಲು ಲಿಂಕನ್ ಮತ್ತು ಡಾರ್ವಿನ್ ಬೋರ್ಡಿಗೆ ಬರುತ್ತಾರೆ. ಬರುವ ಅಕ್ಟೋಬರ್ 2ಕ್ಕೆ ಶಾಸ್ತ್ರೀಜಿಗೆ ಅರ್ಧ ಬೋರ್ಡು, ಅರ್ಧ ಭಾಷಣ. ಅದನ್ನು ಹೇಳುವವಳು ಆ ಪ್ರಶ್ನೆ ಕೇಳಿದ ಹುಡುಗಿಯೇ.

ಅಪ್ಪನ ತಾರೀಕು ಇನ್ನೂ ಸಿಕ್ಕಿಲ್ಲ. ದೇವಸ್ಥಾನದ ಭಟ್ಟರ ಮನೆಯ ಅಟ್ಟದಲ್ಲಿ ಹಳೆಯ ಪಂಚಾಂಗದ ಕಟ್ಟುಗಳಿವೆ, ಕೆಲವಕ್ಕೆ ಗೆದ್ದಲು ಹಿಡಿದಿದೆ. ದಾಖಲೆಯ ವರ್ಷವೂ ಒಂದೆರಡು ಆಚೀಚೆ ಇರಬಹುದು, ಹಾಗಾಗಿ ಹೊಳೆ ಉಕ್ಕಿ ದೋಣಿ ನಿಂತ ವರ್ಷ ಯಾವುದು ಅಂತ ಊರಿನ ಹಿರಿಯರನ್ನು ಕೇಳುತ್ತಿದ್ದೇನೆ. ಅಪ್ಪನಿಗೆ ಇದೆಲ್ಲ ಯಾಕೆ ಅಂತ. ಆದರೆ ನಿನ್ನೆ ಸಂಜೆ ತಾವೇ ಕೊಡೆ ಹಿಡಿದು ಭಟ್ಟರ ಮನೆಗೆ ಹೋಗಿ ಬಂದರು. ಸಿಕ್ಕ ಮೇಲೆ ಇಲ್ಲಿ ಬರೆಯುತ್ತೇನೆ. ಆ ದಿನ ಬೋರ್ಡಿನಲ್ಲಿ ಅಪ್ಪನ ಹೆಸರಿರುತ್ತದೆ, ಪಕ್ಕದಲ್ಲಿ ಯಾವ ದೊಡ್ಡವರು ಬಂದು ಕೂತರೂ ಸರಿ.